ಮೇಷ್ಟ್ರ ಪತ್ರಿಕೆಗೊಂದು ವೆಬ್‌ಸೈಟ್: ಆರಿದ್ರಾ ಮಳೆಯಿಂದ ಅಡಿಕೆ ಕೊಯ್ಲಿನವರೆಗೆ

"ಎರಡು ವಾರ ಸಾಕು ಮೇಷ್ಟ್ರೇ" ಅಂದಿದ್ದೆ. ಐದೂವರೆ ತಿಂಗಳು ಹಿಡಿಯಿತು.

ಹೊಸನಗರ ತಾಲೂಕಿನ ಒಂದು ಸಣ್ಣ ಪೇಟೆಯಲ್ಲಿ ನನ್ನದು ಡಿಟಿಪಿ ಅಂಗಡಿ. ಝೆರಾಕ್ಸ್, ಲ್ಯಾಮಿನೇಶನ್, ಮದುವೆ ಕಾಗದ, ಪಹಣಿ ಪ್ರಿಂಟು, ಆನ್‌ಲೈನ್ ಅರ್ಜಿ, ಎಲ್ಲ ಇದೆ. ಇವುಗಳ ಮಧ್ಯೆ 2004ರಿಂದ ತಪ್ಪದೆ ಮಾಡಿಕೊಂಡು ಬಂದ ಕೆಲಸ ಒಂದು. ನಮ್ಮೂರ ಸಂಘ ಮೂರು ತಿಂಗಳಿಗೊಮ್ಮೆ ತರುವ ಪತ್ರಿಕೆಗೆ ಪುಟ ಕಟ್ಟುವುದು. 32 ಪುಟ, ಆರುನೂರು ಪ್ರತಿ. ಅಡಿಕೆ, ಏಲಕ್ಕಿ, ಕಾಳುಮೆಣಸು, ಅಣೆಕಟ್ಟಿನ ಮುಳುಗಡೆ ಕಾಲದ ನೆನಪು, ತಾಳಮದ್ದಲೆ ಸುದ್ದಿ, ಒಂದೆರಡು ಪದ್ಯ. ಸಂಪಾದಕರು ನಿವೃತ್ತ ಮೇಷ್ಟ್ರು. ನನಗೂ ಏಳನೇ ಕ್ಲಾಸಿನಲ್ಲಿ ಪಾಠ ಮಾಡಿದವರು, ಈಗ ವಯಸ್ಸು 72.

ಕಳೆದ ವರ್ಷ ಆರಿದ್ರಾ ಮಳೆ ಹಿಡಿದ ದಿನ ಮೇಷ್ಟ್ರು ಕೊಡೆ ಕೊಡವುತ್ತಾ ಅಂಗಡಿಗೆ ಬಂದರು. ಕಾಗದದ ರೇಟು ಏರಿದೆ, ಪೋಸ್ಟಿನ ಖರ್ಚು ಏರಿದೆ, ಚಂದಾದಾರರ ಮಕ್ಕಳೆಲ್ಲ ಬೆಂಗಳೂರು ಸೇರಿದ್ದಾರೆ. "ಇದನ್ನೆಲ್ಲ ಇಂಟರ್ನೆಟ್ಟಿಗೆ ಹಾಕೋಕೆ ಬರ್ತದಾ ಮಾರಾಯ?" ಅಂತ ಕೇಳಿದರು. ಬರ್ತದೆ ಅಂದೆ. ಪುಟ ಕಟ್ಟುವುದು ನನ್ನ ಕಸುಬು, ಇದೂ ಹಾಗೇ ಇರಬಹುದು ಅಂದುಕೊಂಡಿದ್ದೆ.

ಸಿಎಂಎಸ್ (ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್) ಅನ್ನುವ ಶಬ್ದ ಕೇಳಿ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ. ಡಿಟಿಪಿಯವರಿಗೆ ಹೇಳುವುದು ಸುಲಭ. ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ ಮಾಸ್ಟರ್ ಪೇಜ್ ಇರುತ್ತದಲ್ಲ, ಪುಟಸಂಖ್ಯೆ, ಗೆರೆ, ಪತ್ರಿಕೆ ಹೆಸರು ಎಲ್ಲ ಅದರಲ್ಲಿ, ಲೇಖನ ಮಾತ್ರ ಬದಲಾಗುತ್ತದೆ. ಇದೂ ಅದೇ. ಚೌಕಟ್ಟು ಒಮ್ಮೆ ಮಾಡಿಟ್ಟರೆ ಆಯಿತು, ಬರಹ ಬೇರೆ ಕಡೆ ಡೇಟಾಬೇಸಿನಲ್ಲಿ ಇರುತ್ತದೆ, ಯಾರಾದರೂ ಪುಟ ತೆರೆದಾಗ ಎರಡನ್ನೂ ಸೇರಿಸಿ ತೋರಿಸುತ್ತದೆ. ಬರೆಯುವವರಿಗೆ ಕೋಡ್ ಬರಬೇಕು ಅಂತಿಲ್ಲ. ಲಾಗಿನ್ ಆಗಿ ಟೈಪ್ ಮಾಡಿದರೆ ಸಾಕು.

ಮೊದಲು ಶಿವಮೊಗ್ಗಕ್ಕೆ ಹೋದೆ. ರಿಪ್ಪನ್‌ಪೇಟೆ, ಆಯನೂರು ದಾಟಿ ಎರಡು ಗಂಟೆ ಬಸ್ಸು. ವೆಬ್‌ಸೈಟ್ ಮಾಡಿಕೊಡುವ ಒಂದು ಕಚೇರಿಯಲ್ಲಿ ಎ.ಸಿ. ಹಾಕಿ ಕೂರಿಸಿದರು, ಹೊರಗೆ ಧೋ ಅಂತ ಮಳೆ. ಮಾಡಿಕೊಡುವುದಕ್ಕೆ 45,000 ರೂಪಾಯಿ, ಆಮೇಲೆ ವರ್ಷಕ್ಕೆ 12,000. "ನಮ್ಮದೇ ಸ್ವಂತ ಸಿಎಂಎಸ್ ಸರ್, ಬೇರೆಯವರ ಹತ್ತಿರ ಸಿಗಲ್ಲ" ಅಂದರು. ನನಗೆ ಅಲ್ಲೇ ಹೊಟ್ಟೆಯೊಳಗೆ ಏನೋ ಆಯಿತು. "ನಾಳೆ ನಾವು ನಿಮ್ಮನ್ನು ಬಿಟ್ಟು ಹೋಗ್ತೀವಿ ಅಂದ್ರೆ ನಮ್ಮ ಲೇಖನ ಎಲ್ಲ ಯಾವ ರೂಪದಲ್ಲಿ ಕೊಡ್ತೀರಿ?" ಅಂತ ಕೇಳಿದೆ. "ಹಾಗೆಲ್ಲ ಆಗಲ್ಲ ಬಿಡಿ ಸರ್" ಅಂದು ಕಾಫಿ ತರಿಸಿದರು. ಕಾಫಿ ಕುಡಿದು ಎದ್ದು ಬಂದೆ.

ನೀವು ಯಾರ ಹತ್ತಿರವೇ ಮಾಡಿಸಿ, ಈ ಪ್ರಶ್ನೆಯನ್ನು ದುಡ್ಡಿನ ಮಾತಿಗೂ ಮೊದಲು ಕೇಳಿ. ಉತ್ತರ ಹಾರಿಸಿದರೆ ಎದ್ದು ಬನ್ನಿ. ಎಳೆದು ಬಿಟ್ಟರೆ ಸೈಟ್ ರೆಡಿ ಅನ್ನುವ ಬಿಲ್ಡರ್‌ಗಳಿಗೂ ಇದೇ ಪ್ರಶ್ನೆ. ಅವು ನಿಜಕ್ಕೂ ಸುಲಭ. ಒಂದು ಹೋಟೆಲಿಗೆ, ಹೋಮ್‌ಸ್ಟೇಗೆ ನಾಲ್ಕು ಪುಟ ಬೇಕಾದರೆ ನಾನೇ ಅದನ್ನು ಮಾಡಿ ಅಂತೀನಿ. ಇಪ್ಪತ್ತು ವರ್ಷದ ಪತ್ರಿಕೆಯನ್ನು ಬಾಡಿಗೆ ಮನೆಯ ಗೋಡೆಗೆ ಅಂಟಿಸೋಕೆ ಮನಸ್ಸು ಬರಲಿಲ್ಲ, ಅಷ್ಟೇ.

ಬ್ಲಾಗ್ ಬರೆಯುವ ಸೇವೆ ಬ್ಲಾಗರ್ ನೋಡಿದೆ. ಪೂರ್ತಿ ಉಚಿತ, 1999ರಿಂದ ಇದೆ, ಕನ್ನಡದಲ್ಲಿ ಎಷ್ಟೋ ಜನ ಅದರಲ್ಲೇ ಬರೆಯಲು ಕಲಿತವರು. ಆದರೆ ಕನ್ನಡದ ತಲೆಬರಹ ಕೊಟ್ಟರೆ ಲಿಂಕಿನಲ್ಲಿ ಅದು ಬರುವುದಿಲ್ಲ, "ಬ್ಲಾಗ್-ಪೋಸ್ಟ್" ಅಂತ ಇಟ್ಟು ಮುಂದೊಂದು ನಂಬರ್ ಹಾಕಿಕೊಳ್ಳುತ್ತದೆ. ಸಂಚಿಕೆ ಪ್ರಕಾರ ಜೋಡಿಸುವುದೂ ಕಷ್ಟ ಅನ್ನಿಸಿತು. ಒಬ್ಬರೇ ಬರೆಯುವುದಾದರೆ ಈಗಲೂ ಸಾಕು.

ಆಮೇಲೆ ಪುನರ್ವಸು ಮಳೆ ಶುರುವಾಯಿತು. ಮೂರು ದಿನ ಕರೆಂಟಿಲ್ಲ. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ ಸತ್ತಿರುತ್ತದೆ, ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಅಂಗಡಿಗೆ ಗಿರಾಕಿಯೂ ಇಲ್ಲ. ಆ ದಿನಗಳಲ್ಲಿ ನನಗೆ ತುಂಬ ಉಪಕಾರ ಆದದ್ದು ಕ್ಸ್ಯಾಂಪ್. ಉಚಿತವಾಗಿ ಸಿಗುವ ಈ ತಂತ್ರಾಂಶ ಹಾಕಿಕೊಂಡರೆ ನಿಮ್ಮ ಕಂಪ್ಯೂಟರೇ ಸೈಟ್ ಇಟ್ಟು ತೋರಿಸುವ ಸರ್ವರ್ ಆಗುತ್ತದೆ, ನೆಟ್ ಬೇಡ. ಕರೆಂಟ್ ಇದ್ದಾಗ ಎಲ್ಲ ಸಿಎಂಎಸ್‌ಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಂಡಿದ್ದೆ. ಲ್ಯಾಪ್‌ಟಾಪನ್ನು ಇನ್ವರ್ಟರಿಗೆ ಸಿಕ್ಕಿಸಿ ಒಂದೊಂದನ್ನೇ ಹಾಕಿ ನೋಡಿದೆ. ದುಡ್ಡು ಕೊಟ್ಟು ಹೋಸ್ಟಿಂಗ್ (ಸೈಟ್ ಇಡುವ ಬಾಡಿಗೆ ಜಾಗ) ತಗೊಳ್ಳುವ ಮೊದಲು ಎಲ್ಲರೂ ಹೀಗೆ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಜೂಮ್ಲಾ ಮೊದಲು. 2005ರಲ್ಲಿ ಮ್ಯಾಂಬೋ ಅನ್ನುವುದರಿಂದ ಬೇರೆಯಾಗಿ ಹುಟ್ಟಿದ್ದು, ಹೆಸರು ಸ್ವಾಹಿಲಿ ಭಾಷೆಯ ಶಬ್ದದಿಂದ ಬಂದದ್ದು, ಎಲ್ಲರೂ ಒಟ್ಟಿಗೆ ಅಂತ ಅರ್ಥ. ಹೆಸರೇನೋ ಸಂಘಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಲೇಖನ ಹಾಕಿದ ಮೇಲೆ ಮೆನು ಐಟಂ, ಅದಕ್ಕೊಂದು ಮಾಡ್ಯೂಲ್, ಆ ಮಾಡ್ಯೂಲಿಗೊಂದು ಜಾಗ. ನನಗೇ ಎರಡು ದಿನ ಬೇಕಾಯಿತು.

ಡ್ರುಪಾಲ್ ಮೇಲೆ ನನಗೆ ಆಸೆ ಹುಟ್ಟಿತು, ಸುಳ್ಳು ಹೇಳಬಾರದು. 2001ರಿಂದ ಇರುವುದು. ಮಾಡಿದಾತ ಬೆಲ್ಜಿಯಂನವನು, ಡ್ರೀಸ್ ಬೈಟಾರ್ಟ್. ಡಚ್ ಭಾಷೆಯಲ್ಲಿ ಹಳ್ಳಿ ಅನ್ನುವುದಕ್ಕೆ 'ಡಾರ್ಪ್'. ಆ ಹೆಸರಿನ ವಿಳಾಸ ಹುಡುಕಲು ಹೋಗಿ ಕೈ ತಪ್ಪಿ 'ಡ್ರಾಪ್' ಅಂತ ಟೈಪ್ ಮಾಡಿದನಂತೆ. ಹಳ್ಳಿ ಹೋಗಿ ಹನಿ ಆಯಿತು, ಹನಿಯ ಡಚ್ ಶಬ್ದದಿಂದ ಡ್ರುಪಾಲ್ ಬಂತು. ಹೊರಗೆ ಹಂಚಿನಿಂದ ನೀರು ಸುರಿಯುತ್ತಿರುವಾಗ ಇದನ್ನು ಓದಿ ನಕ್ಕಿದ್ದೆ. ಅದರಲ್ಲಿ ಸಂಚಿಕೆ, ಲೇಖಕರು, ಪುಟ, ವಿಷಯ ಎಲ್ಲಕ್ಕೂ ಬೇರೆ ಬೇರೆ ಖಾನೆ ಮಾಡಬಹುದು. ಹಲವು ಭಾಷೆಯ ವ್ಯವಸ್ಥೆ ಒಳಗೇ ಇದೆ. ಆದರೆ ಹೊಸದೇನಾದರೂ ಸೇರಿಸಬೇಕು, ಅಪ್‌ಡೇಟ್ ಮಾಡಬೇಕು ಅಂದರೆ ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡುವುದು ಕಲಿಯಬೇಕು. ನನ್ನ ನಂತರ ಇದನ್ನು ಯಾರು ನೋಡಿಕೊಳ್ತಾರೆ ಅಂತ ಯೋಚಿಸಿ ಮುಚ್ಚಿಟ್ಟೆ.

ಅಷ್ಟರಲ್ಲಿ ಒಬ್ಬ ಹುಡುಗ ಸಿಕ್ಕಿದ. ಬೆಂಗಳೂರಿನ ಕಂಪನಿ ಕೆಲಸವನ್ನು ತೋಟದ ಮನೆಯಿಂದ ಮಾಡುವವನು, ಸಿಗ್ನಲ್ಲಿಗೆ ಗುಡ್ಡ ಹತ್ತಿ ಕೂರುವವನು. "ಅಣ್ಣಾ, ಡೇಟಾಬೇಸೇ ಬೇಡ, ಹ್ಯೂಗೋ ಹಾಕು" ಅಂದ. ಹ್ಯೂಗೋ ಅಂದರೆ ಬರಹವನ್ನು ಸಾದಾ ಫೈಲಿನಲ್ಲಿ ಇಟ್ಟು, ಪುಟಗಳನ್ನು ಮೊದಲೇ ತಯಾರಿಸಿಡುವ ತಂತ್ರಾಂಶ. ನನ್ನೆದುರೇ ಅರವತ್ತು ಪುಟ ಕಣ್ಣು ಮಿಟುಕಿಸುವುದರೊಳಗೆ ಮಾಡಿ ತೋರಿಸಿದ. ಅರ್ಧ ಸಿಗ್ನಲ್ಲಿನಲ್ಲೂ ಪಟ್ ಅಂತ ತೆರೆಯಿತು. ಒಳಗೆ ನುಗ್ಗಿ ಕೆಡಿಸೋಕೆ ಅದರಲ್ಲಿ ಡೇಟಾಬೇಸ್ ಇಲ್ಲ, ಲಾಗಿನ್ ಪುಟ ಇಲ್ಲ. ನಾನು ಮನಸ್ಸಿನಲ್ಲೇ ಇದೇ ಸೈ ಅಂದುಕೊಂಡೆ. ಅವನು ಹೋಗುವಾಗ ಒಂದು ಮಾತು ಹೇಳಿದ: "ಮೇಷ್ಟ್ರ ಕೈಯಲ್ಲಿ ಒಂದ್ಸಲ ಮಾಡಿಸಿ ನೋಡಣ್ಣ." ಅವನಿಗೆ ಗೊತ್ತಿತ್ತು ಅನ್ನಿಸುತ್ತದೆ.

ಪುಷ್ಯ ಮಳೆಯ ಒಂದು ಭಾನುವಾರ ಮೇಷ್ಟ್ರ ಮನೆ ಜಗಲಿಯಲ್ಲಿ ಪರೀಕ್ಷೆ ಇಟ್ಟೆ. ನನ್ನ ಲ್ಯಾಪ್‌ಟಾಪಿನಲ್ಲಿ ಜೂಮ್ಲಾ ಮತ್ತು ಇನ್ನೊಂದು ಸಿಎಂಎಸ್ ಆದ ವರ್ಡ್‌ಪ್ರೆಸ್, ಫೋನಿನ ಹಾಟ್‌ಸ್ಪಾಟ್ ಮೂಲಕ ಮೇಷ್ಟ್ರ ಫೋನಿಗೆ. ಹ್ಯೂಗೋದ ಫೈಲುಗಳನ್ನು ಹುಡುಗ ಫೈಲುಗಳನ್ನು ನೆಟ್ಟಿನಲ್ಲಿ ಇಡುವ ಗಿಟ್‌ಹಬ್‌ನಲ್ಲಿ ಇಟ್ಟುಕೊಟ್ಟಿದ್ದ. ಹೀಗೆ ಮಾಡುವವರಿಗೆ ಒಂದು ಮಾತು: ವರ್ಡ್‌ಪ್ರೆಸ್ಸನ್ನು 'ಲೋಕಲ್‌ಹೋಸ್ಟ್' ಹೆಸರಿನಲ್ಲಿ ಹಾಕಿದ್ದರೆ ಫೋನಿನಲ್ಲಿ ಪುಟ ಅಸ್ತವ್ಯಸ್ತ ಬರುತ್ತದೆ, ಲ್ಯಾಪ್‌ಟಾಪಿನ ಐಪಿ ವಿಳಾಸ ಕೊಟ್ಟೇ ಹಾಕಿ. ನನ್ನ ಒಂದು ಗಂಟೆ ಇದಕ್ಕೇ ಹೋಯಿತು.

ಕೆಲಸ ಇಷ್ಟೇ. ಮೇಷ್ಟ್ರು ತಮ್ಮ ಫೋನಿನಿಂದ ಹತ್ತು ಸಾಲು ಬರೆದು ಒಂದು ಫೋಟೋ ಹಾಕಬೇಕು. ಸಂಘದ ಕಾರ್ಯದರ್ಶಿ ಅಕ್ಕ ಅದರಲ್ಲಿ ಒಂದು ತಪ್ಪು ತಿದ್ದಬೇಕು. ನಾನು ಬಾಯಿ ಮುಚ್ಚಿಕೊಂಡು ಕೂರಬೇಕು. ಮೂರನೆಯದೇ ಕಷ್ಟ ಆಗಿದ್ದು.

ಹ್ಯೂಗೋದಲ್ಲಿ ಮೇಲ್ಗಡೆ ಮೂರು ಅಡ್ಡಗೆರೆ, ಅದರ ಕೆಳಗೆ ತಾರೀಕು, ತಲೆಬರಹ, ಮತ್ತೆ ಮೂರು ಗೆರೆ. ಮೇಷ್ಟ್ರು ಆ ಗೆರೆಗಳನ್ನು ಕಸ ಅಂದುಕೊಂಡು ಅಳಿಸಿಬಿಟ್ಟರು. ಫೋಟೋ ಹಾಕುವ ಹೊತ್ತಿಗೆ ಫೋನ್ ಕೆಳಗಿಟ್ಟು, "ಕಷಾಯ ಕುಡೀತೀಯಾ?" ಅಂದರು. ಜೂಮ್ಲಾದಲ್ಲಿ ಬರೆಯುವುದೇನೋ ಬರೆದರು, ಬರೆದದ್ದು ಎಲ್ಲಿ ಹೋಯಿತು ಅಂತ ಗೊತ್ತಾಗಲಿಲ್ಲ. 26 ನಿಮಿಷ.

ವರ್ಡ್‌ಪ್ರೆಸ್‌ನಲ್ಲಿ ಕೀಬೋರ್ಡಿನ ಮೈಕ್ ಒತ್ತಿ ಮಾತಾಡುತ್ತಾ ಹೋದರು. ಕನ್ನಡ ಚೆನ್ನಾಗೇ ಬಂತು. ಎಂಟರ್ ಒತ್ತಿದಾಗೆಲ್ಲ ಹೊಸ ಬ್ಲಾಕ್. "ಇದೆಂತಕ್ಕೆ ಮಾರಾಯ ಸಾಲಿಗೊಂದು ಡಬ್ಬಿ?" ಅಂತ ಬೈದುಕೊಂಡೇ ಬರೆದರು. ಫೋಟೋ ಹಾಕಿದರು. 11 ನಿಮಿಷ. ಅಕ್ಕ ತಮ್ಮ ಫೋನಿನಲ್ಲಿ ತೆರೆದು 'ಏಲಕಿ'ಯನ್ನು 'ಏಲಕ್ಕಿ' ಮಾಡಿ, "ಇಷ್ಟೇನಾ ತಮ್ಮ?" ಅಂದರು. ಪದ್ಯ ಹಾಕುವವರಿಗೆ ಅದರಲ್ಲಿ ವರ್ಸ್ ಅನ್ನುವ ಬ್ಲಾಕ್ ಬೇರೆಯೇ ಇದೆ, ಸಾಲು ಇದ್ದ ಹಾಗೇ ನಿಲ್ಲುತ್ತದೆ. ಹಳೇ ಕಾಲದ ಬಿಳಿ ಹಾಳೆಯೇ ಬೇಕು ಅಂದರೆ ಕ್ಲಾಸಿಕ್ ಎಡಿಟರ್ ಅನ್ನುವ ಪ್ಲಗಿನ್ (ಹೆಚ್ಚಿನ ಸೌಲಭ್ಯಕ್ಕೆ ಸೇರಿಸಿಕೊಳ್ಳುವ ತುಣುಕು) ಇದೆ. 2018ರ ಡಿಸೆಂಬರಿನಲ್ಲಿ ಬ್ಲಾಕ್ ಬಂದಾಗ ಜಗತ್ತಿನಲ್ಲಿ ಎಷ್ಟೋ ಜನ ಮೇಷ್ಟ್ರ ಹಾಗೇ ಬೈದಿದ್ದರು.

ನಾನು ವಾರಗಟ್ಟಲೆ ಯಾವುದು ಉತ್ತಮ ಅಂತ ಹೋಲಿಕೆ ಲೇಖನ ಓದಿದ್ದೆ, ವಿಡಿಯೋ ನೋಡಿದ್ದೆ. ಜಗಲಿಯ ಮೇಲಿನ ಆ ಒಂದು ಗಂಟೆಯಲ್ಲಿ ಗೊತ್ತಾದಷ್ಟು ಅದರಲ್ಲಿ ಗೊತ್ತಾಗಿರಲಿಲ್ಲ. ಹ್ಯೂಗೋ ಚೆನ್ನಾಗಿಲ್ಲ ಅಂತಲ್ಲ. ನಾಳೆ ನನ್ನ ಸ್ವಂತಕ್ಕೆ ಸೈಟ್ ಮಾಡಿಕೊಂಡರೆ ಅದನ್ನೇ ಹಾಕುತ್ತೇನೆ.

ವರ್ಡ್‌ಪ್ರೆಸ್ ಅಂತ ನಿರ್ಧಾರ ಆದ ಮೇಲೂ ನಾಲ್ಕು ದಿನ ಹಾಳು ಮಾಡಿದೆ. ಒಂದೇ ಹೆಸರಿಗೆ ಎರಡು ಬಾಗಿಲು. ಡಾಟ್ ಕಾಮ್ ಅನ್ನುವುದು ಆಟೊಮ್ಯಾಟಿಕ್ ಅನ್ನುವ ಕಂಪನಿ ನಡೆಸುವ ಸೇವೆ, ಅವರ ಸರ್ವರಿನಲ್ಲೇ ಸೈಟ್, ಪ್ಲ್ಯಾನ್ ಪ್ರಕಾರ ಸೌಲಭ್ಯ. ಡಾಟ್ ಆರ್ಗ್‌ನಲ್ಲಿ ಸಿಗುವುದು ಉಚಿತ ತಂತ್ರಾಂಶ, ಅದನ್ನು ನಿಮ್ಮ ಹೋಸ್ಟಿಂಗಿನಲ್ಲಿ ನೀವೇ ಹಾಕಿಕೊಳ್ಳಬೇಕು. ನಾನು ಗೊತ್ತಿಲ್ಲದೆ ಮೊದಲನೆಯದರಲ್ಲಿ ಖಾತೆ ತೆರೆದು, ಇದರಲ್ಲಿ ಪ್ಲಗಿನ್ ಎಲ್ಲಿದೆ ಅಂತ ಹುಡುಕುತ್ತಾ ಕೂತಿದ್ದೆ. ನಮಗೆ ಬೇಕಾಗಿದ್ದು ಎರಡನೆಯದು. 2003ರಲ್ಲಿ ಮ್ಯಾಟ್ ಮುಲ್ಲೆನ್‌ವೆಗ್, ಮೈಕ್ ಲಿಟಲ್ ಇಬ್ಬರು ಶುರು ಮಾಡಿದ್ದು, ಇವತ್ತು ಜಗತ್ತಿನ ಸೈಟುಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಇದರಲ್ಲೇ ಇವೆ. ನನಗೆ ಬೇಕಾದ ಸಮಾಧಾನ ಅದೇ. ನಾನು ಅಂಗಡಿ ಮುಚ್ಚಿದರೂ ಶಿವಮೊಗ್ಗದಲ್ಲೋ ಸಾಗರದಲ್ಲೋ ಇದು ಬರುವ ಹುಡುಗ ಸಿಕ್ಕೇ ಸಿಗುತ್ತಾನೆ.

ಡೊಮೇನ್, ಅಂದರೆ ಸೈಟಿನ ವಿಳಾಸ, ಅರ್ಧ ದಿನದ ಕೆಲಸ ಅಂದುಕೊಂಡಿದ್ದೆ. ಕನ್ನಡದಲ್ಲೇ 'ಡಾಟ್ ಭಾರತ' ಅಂತ ವಿಳಾಸ ತಗೊಳ್ಳಬಹುದು, ಮೇಷ್ಟ್ರಿಗೆ ಅದರ ಮೇಲೇ ಮನಸ್ಸು. ಕಂಪ್ಯೂಟರಿನಲ್ಲಿ ಕನ್ನಡ ಕೀಬೋರ್ಡ್ ಇಲ್ಲದ ಬೆಂಗಳೂರಿನ ಮಕ್ಕಳು ಅದನ್ನು ಟೈಪ್ ಮಾಡುವುದು ಹೇಗೆ ಅಂತ ಅಕ್ಕ ಕೇಳಿದರು. ಡಾಟ್ ಇನ್‌ಗೆ ಒಪ್ಪಿದರು. ನನ್ನ ಹೆಸರಿನಲ್ಲಿ ತಗೊಳ್ಳುವುದು ಬೇಡ, ಸಂಘದ ಹೆಸರಿನಲ್ಲೇ ಇರಲಿ ಅಂತ ನಾನೇ ಹಟ ಹಿಡಿದೆ. ಡೊಮೇನ್ ಯಾರ ಹೆಸರಲ್ಲಿದೆಯೋ ಸೈಟ್ ಅವರದ್ದು, ನಾಳೆ ಜಗಳ ಬೇಡ. ನಾವು ಹೋದ ಕಡೆ ಸಂಘದ ನೋಂದಣಿ ಪತ್ರ ಮತ್ತು ಪ್ಯಾನ್ ಕೇಳಿದರು. ನೋಂದಣಿ ಪತ್ರದಲ್ಲಿ ಸಂಘದ ಹೆಸರಿನ ಇಂಗ್ಲಿಷ್ ಸ್ಪೆಲಿಂಗಿಗೂ ಪ್ಯಾನಿನ ಸ್ಪೆಲಿಂಗಿಗೂ ಒಂದು 'ಎಚ್' ವ್ಯತ್ಯಾಸ. ಆ ಒಂದು ಅಕ್ಷರಕ್ಕೆ 19 ದಿನ. ಲೆಟರ್‌ಹೆಡ್‌ನಲ್ಲಿ ಎರಡೂ ಒಂದೇ ಸಂಘ ಅಂತ ಬರೆದು, ಅಧ್ಯಕ್ಷರ ಸಹಿ, ಸೀಲು ಹಾಕಿ ಕಳಿಸಿದೆವು. ಅಧ್ಯಕ್ಷರು ಆಗ ಮಗಳ ಮನೆಗೆ ಮಂಗಳೂರಿಗೆ ಹೋಗಿದ್ದರು. ಸೀಲು ಅವರ ಚೀಲದಲ್ಲಿತ್ತು.

ದುಡ್ಡು ಕಟ್ಟುವುದು ಇನ್ನೊಂದು ಕಥೆ. ಸಂಘದ ಖಾತೆಗೆ ಚೆಕ್‌ಬುಕ್ ಮಾತ್ರ, ಇಬ್ಬರ ಸಹಿ ಬೇಕು. ಹೋಸ್ಟಿಂಗಿನವರಿಗೆ ಕಾರ್ಡು, ಯುಪಿಐ ಬೇಕು. ಕೊನೆಗೆ ನಾನು ಕೈಯಿಂದ ಹಾಕಿ, ಆಮೇಲೆ ಸಭೆಯಲ್ಲಿ ಠರಾವು ಮಾಡಿಸಿ ಚೆಕ್ ತಗೊಂಡೆ. ಬಿಲ್ಲು ಸಂಘದ ಹೆಸರಿಗೇ ಬರುವಂತೆ ಮೊದಲೇ ಹಾಕಿ, ಆಮೇಲೆ ಬದಲಾಯಿಸೋಕೆ ಒದ್ದಾಡಬೇಕು.

ಹೋಸ್ಟಿಂಗ್ ಜಾಹೀರಾತಿನಲ್ಲಿ ತಿಂಗಳಿಗೆ 199 ಅಂತ ದೊಡ್ಡದಾಗಿ ಇತ್ತು. ಅದು ನಾಲ್ಕು ವರ್ಷದ್ದು ಒಟ್ಟಿಗೆ ಕಟ್ಟಿದರೆ ಮಾತ್ರ. ಒಂದೇ ವರ್ಷಕ್ಕೆ ಅಂದರೆ 299, ಮೇಲೆ ಶೇಕಡಾ 18 ಜಿಎಸ್‌ಟಿ. ಒಟ್ಟು 4,234 ರೂಪಾಯಿ. ಡೊಮೇನ್ 707. ಎರಡನೇ ವರ್ಷದಿಂದ ಹೋಸ್ಟಿಂಗ್ ತಿಂಗಳಿಗೆ 549 ಅಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು, ಅಂದರೆ ತೆರಿಗೆ ಸೇರಿ 7,774. ನವೀಕರಣದ ರೇಟು ನೋಡಿಯೇ ಆರಿಸಿ, ಮೊದಲ ವರ್ಷದ್ದು ನೋಡಿ ಅಲ್ಲ. ಕಾರ್ಟಿನಲ್ಲಿ ಎಸ್ಎಸ್ಎಲ್ (ಸೈಟಿನ ಸಂಪರ್ಕವನ್ನು ಸುರಕ್ಷಿತ ಮಾಡುವ ಪ್ರಮಾಣಪತ್ರ) ಅಂತ ಮತ್ತೊಂದಿಷ್ಟು ದುಡ್ಡು ಮೊದಲೇ ಟಿಕ್ ಆಗಿತ್ತು, ತೆಗೆದೆ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವುದು ಉಚಿತವಾಗಿ ಸಿಗುತ್ತದೆ, ನಮಗೆ ಅದು ಸಾಕು.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. 82 ಸಂಚಿಕೆ, ಹೆಚ್ಚಿನವು ಪೇಜ್‌ಮೇಕರ್ ಫೈಲು, ನುಡಿ ಫಾಂಟು. ಹಳೇ ನುಡಿಯಲ್ಲಿ ಇರುವುದು ಕನ್ನಡದ ಚಿತ್ರ ಮಾತ್ರ. ಹಿಂದೆ ಕೂತಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಕಾಪಿ ಮಾಡಿ ಸೈಟಿಗೆ ಹಾಕಿದರೆ 'ನ' ಇದ್ದಲ್ಲೆಲ್ಲ ಪೌಂಡ್ ಗುರುತು. ಇಪ್ಪತ್ತು ವರ್ಷ ನಾನು ಕೂಡಿಸಿದ್ದೆಲ್ಲ ಕನ್ನಡ ಅಂದುಕೊಂಡಿದ್ದೆ, ಕಂಪ್ಯೂಟರಿನ ಕಣ್ಣಿಗೆ ಅದು ಕನ್ನಡವೇ ಆಗಿರಲಿಲ್ಲ. ಆ ದಿನ ಸ್ವಲ್ಪ ಬೇಜಾರಾಗಿ ಅಂಗಡಿ ಬೇಗ ಮುಚ್ಚಿದೆ.

ಎಲ್ಲ ಕಂಪ್ಯೂಟರಿಗೂ ಕನ್ನಡ ಅಂತಲೇ ಅರ್ಥವಾಗುವ ಯೂನಿಕೋಡಿಗೆ ಬದಲಿಸುವ ಸಾಧನಗಳು ಇವೆ, ಆದರೆ ಕಣ್ಣು ಮುಚ್ಚಿ ನಂಬಬೇಡಿ. ನಾನು ಮೊದಲು ಬಳಸಿದ ಒಂದರಲ್ಲಿ ಅರ್ಕಾವತ್ತೆಲ್ಲ ಜಾಗ ಬಿಟ್ಟು ಹೋಯಿತು. ನುಡಿಯಲ್ಲಿ ಅರ್ಕಾವತ್ತು ಅಕ್ಷರ ಆದ ಮೇಲೆ ಕೂತಿರುತ್ತದೆ, ಯೂನಿಕೋಡಿನಲ್ಲಿ ಅದು ಅಕ್ಷರಕ್ಕಿಂತ ಮೊದಲು ಬರಬೇಕು. ಕೊಳೆರೋಗದ ಔಷಧಿ 'ಬೋರ್ಡೋ' ಹೋಗಿ 'ಬೋಡೋರ್' ಆಯಿತು. ಲೇಖನದ ನಡುವೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಗೊಬ್ಬರದ ಹೆಸರು, ಔಷಧಿ ಹೆಸರುಗಳನ್ನೂ ಅದು ನುಡಿ ಅಂದುಕೊಂಡು ಅರ್ಥವಿಲ್ಲದ ಕನ್ನಡ ಮಾಡಿತು. ಔಷಧಿಯ ವಿಷಯ, ತಮಾಷೆ ಅಲ್ಲ. ಡಿಗ್ರಿ ಮುಗಿಸಿದ ಹುಡುಗಿಯೊಬ್ಬಳನ್ನು ಪುಟಕ್ಕೆ ಹತ್ತು ರೂಪಾಯಿ ಲೆಕ್ಕದಲ್ಲಿ ಕರಡು ತಿದ್ದಲು ಕೂರಿಸಿದೆವು. ಮೊದಲ ಕಂತಿಗೆ 20 ಸಂಚಿಕೆ, 640 ಪುಟ, 6,400 ರೂಪಾಯಿ. ನೀವು ಹಳೇ ಸರಕು ಇಟ್ಟುಕೊಂಡು ಸೈಟ್ ಮಾಡುವವರಾದರೆ ಸಿಎಂಎಸ್ಸಿಗಿಂತ ಜಾಸ್ತಿ ದಿನ, ಜಾಸ್ತಿ ದುಡ್ಡು ಇದಕ್ಕೇ ಎತ್ತಿಡಿ.

ಮೊದಲು ಹಾಕಿದ ಲೇಖನ 'ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಕ್ರಮ'. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು, ನಮ್ಮಲ್ಲಿ ಮಳೆಗಾಲದಲ್ಲಿ ಎಲ್ಲರ ಬಾಯಲ್ಲೂ ಇರುವ ಲೆಕ್ಕ. ಲಿಂಕನ್ನು ವಾಟ್ಸಾಪಿನಲ್ಲಿ ಮೇಷ್ಟ್ರಿಗೆ ಕಳಿಸಿದೆ. ಅರ್ಧ ಪರದೆ ತುಂಬ ಶೇಕಡಾ ಗುರುತು, ಇಂಗ್ಲಿಷ್ ಅಕ್ಷರ, ಅಂಕಿ. "ಇದೆಂತ ವೈರಸ್ಸಾ?" ಅಂತ ಫೋನ್ ಬಂತು. ಬ್ರೌಸರಿನಲ್ಲಿ ತೆರೆದು ನೋಡಿದರೆ ವಿಳಾಸ 'ಕೊಳೆರೋಗಕ್ಕೆ-ಬೋರ್ಡೋ-ದ್ರಾವ' ಅಂತ ನಿಂತಿತ್ತು. 'ಣ' ಇಲ್ಲ, ಮುಂದಿನದ್ದು ಏನೂ ಇಲ್ಲ.

ಒಂದು ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. ಲಿಂಕಿನ ಆ ಭಾಗಕ್ಕೆ ವರ್ಡ್‌ಪ್ರೆಸ್ ಡೇಟಾಬೇಸಿನಲ್ಲಿ ಇಟ್ಟಿರುವ ಜಾಗ 200 ಅಕ್ಷರ. ಇಂಗ್ಲಿಷಿಗೆ ಧಾರಾಳ. ಕನ್ನಡದ ಒಂದೊಂದು ಅಕ್ಷರ ಮೂರು ಬೈಟು, ಲಿಂಕಿನಲ್ಲಿ ಅದು ಒಂಬತ್ತು ಅಕ್ಷರವಾಗಿ ಹಿಗ್ಗುತ್ತದೆ. ಕೊಂಬು, ಏತ್ವ, ಒತ್ತಿನ ಕೊಂಡಿ ಎಲ್ಲ ಬೇರೆ ಬೇರೆ ಲೆಕ್ಕ. 'ಅಡಿಕೆ' ಅನ್ನುವ ಮೂರಕ್ಷರಕ್ಕೆ 45 ಖರ್ಚು. ಹಾಗಾಗಿ ಇಪ್ಪತ್ತೆರಡು ದಾಟುತ್ತಿದ್ದ ಹಾಗೆ ಕತ್ತರಿ. ಅದೇ ಮೂರು ಶಬ್ದದಿಂದ ಶುರುವಾಗುವ ಎರಡನೇ ಲೇಖನ ಹಾಕಿದರೆ ಕೊನೆಗೆ 2 ಅಂತ ಅಂಟಿಸಿಕೊಳ್ಳುತ್ತದೆ. ಪರಿಹಾರ ಸುಲಭ: ಪ್ರಕಟಿಸುವ ಮೊದಲು ಬಲಗಡೆ ಪಟ್ಟಿಯಲ್ಲಿ ಸ್ಲಗ್ ಅನ್ನುವ ಖಾನೆ ಇರುತ್ತದೆ, ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಒಂದು ಹೆಸರು ಕೊಡಿ. ಅಕ್ಕ ಇದನ್ನು ಒಂದು ಚೀಟಿಯಲ್ಲಿ ಬರೆದು ಗ್ರಂಥಾಲಯದ ಗೋಡೆಗೆ ಅಂಟಿಸಿದ್ದಾರೆ. ಪರ್ಮಾಲಿಂಕ್, ಅಂದರೆ ಲೇಖನದ ಕಾಯಂ ಲಿಂಕಿನ ರೀತಿಯನ್ನೂ ಮೊದಲ ದಿನವೇ ಆರಿಸಿಬಿಡಿ. ಲಿಂಕ್ ಹತ್ತು ಗುಂಪಿಗೆ ಹೋದ ಮೇಲೆ ಬದಲಿಸಿದರೆ ಹಳೆಯದು ಮುರಿಯುವ ಭಯ ಇರುತ್ತದೆ.

ಥೀಮ್ (ಸೈಟಿನ ಸಿದ್ಧ ವಿನ್ಯಾಸ) ಆರಿಸುವಾಗ ನಾನು ಡಿಟಿಪಿಯವನು ಅನ್ನುವುದು ಮೊದಲ ಸಲ ಉಪಯೋಗಕ್ಕೆ ಬಂತು. ಡೆಮೋದಲ್ಲಿ ಎಲ್ಲ ಥೀಮೂ ಚೆಂದ, ಯಾಕೆಂದರೆ ಎಲ್ಲ ಇಂಗ್ಲಿಷು. ಇಂಗ್ಲಿಷಿನಲ್ಲಿ ಅಕ್ಷರದ ಕೆಳಗೆ ಏನೂ ನೇತಾಡುವುದಿಲ್ಲ, ಎಲ್ಲೋ ಒಂದು ಬಾಲ ಬಿಟ್ಟರೆ. ನಮ್ಮಲ್ಲಿ ಒತ್ತಕ್ಷರ ಕೂರಬೇಕು. ನಾನು ಹಾಕಿದ ಮೊದಲ ಥೀಮಿನಲ್ಲಿ 'ಮಣ್ಣು' ಅನ್ನುವ ತಲೆಬರಹದ ಒತ್ತನ್ನು ಕೆಳಗಿನ ಫೋಟೋ ನುಂಗಿತ್ತು, 'ಮಣು' ಅಂತ ಕಾಣುತ್ತಿತ್ತು. ಇನ್ನೊಂದರಲ್ಲಿ ಅಕ್ಷರದ ನಡುವೆ ಜಾಗ ಬಿಡುವ ಶೋಕಿ, ಶಬ್ದ ಬಿಡಿಬಿಡಿಯಾಗಿ ಹಲ್ಲು ಬಿಟ್ಟ ಹಾಗಿತ್ತು. ಪುಟದ ಅಂದ ನಿರ್ಧರಿಸುವ ಸಿಎಸ್ಎಸ್ ಕೋಡಿನಲ್ಲಿ ಸಾಲಿನ ಎತ್ತರವನ್ನು 1.6 ಮಾಡಿ, ಅಕ್ಷರದ ನಡುವಿನ ಜಾಗವನ್ನು ಸೊನ್ನೆ ಮಾಡಿದೆ, ನೋಟೋ ಸೆರಿಫ್ ಕನ್ನಡ ಫಾಂಟ್ ಹಾಕಿದೆ. ಥೀಮ್ ನೋಡುವಾಗ 'ಸ್ವಾತಂತ್ರ್ಯ', 'ಕಣ್ಣು', 'ಅಡಿಕೆ ಸಿಪ್ಪೆ' ಅಂತ ಒತ್ತು ಜಾಸ್ತಿ ಇರುವ ನಾಲ್ಕು ತಲೆಬರಹ ಹಾಕಿಯೇ ನೋಡಿ.

ಇನ್ನು ನಾನು ಮಾಡಿದ ದಡ್ಡತನ. ಪ್ಲಗಿನ್‌ಗಳು ಐವತ್ತು ಸಾವಿರಕ್ಕೂ ಮೇಲೆ ಇವೆ, ಉಚಿತ ಬೇರೆ. ಮದುವೆ ಮನೆ ಊಟಕ್ಕೆ ಕೂತವನ ಹಾಗೆ 17 ಹಾಕಿಕೊಂಡೆ. ಚೌತಿಯ ಹಿಂದಿನ ರಾತ್ರಿ ಎಲ್ಲವನ್ನೂ ಒಟ್ಟಿಗೆ ಅಪ್‌ಡೇಟ್ ಒತ್ತಿದೆ. ಸೈಟ್ ಹೋಯಿತು. ಬಿಳಿ ಪರದೆ, ಅದರಲ್ಲಿ ಗಂಭೀರ ದೋಷ ಆಗಿದೆ ಅನ್ನುವ ಒಂದು ಸಾಲು. ಲಾಗಿನ್ ಕೂಡ ಆಗುತ್ತಿಲ್ಲ. ಮನೆಯಲ್ಲಿ ಕಡುಬಿಗೆ ಎಲೆ ತರಲು ಹೇಳಿದ್ದರು, ನಾನು ಅಂಗಡಿಯಲ್ಲಿ ಬೆವರುತ್ತಾ ಕೂತಿದ್ದೆ. ಹೋಸ್ಟಿಂಗಿನ ಫೈಲ್ ಮ್ಯಾನೇಜರಿಗೆ ಹೋಗಿ ಪ್ಲಗಿನ್ ಫೋಲ್ಡರಿನ ಹೆಸರು ಬದಲಿಸಿದರೆ ಎಲ್ಲ ಪ್ಲಗಿನ್ನೂ ನಿಂತು ಸೈಟ್ ಎದ್ದು ಕೂರುತ್ತದೆ ಅಂತ ಗುಡ್ಡದ ಮೇಲಿನ ಹುಡುಗ ಫೋನಿನಲ್ಲಿ ಹೇಳಿದ. ಹಾಗೇ ಆಯಿತು. ಈಗ ಐದೇ ಪ್ಲಗಿನ್. ಬ್ಯಾಕಪ್ ತಗೊಳ್ಳದೆ ಅಪ್‌ಡೇಟ್ ಮುಟ್ಟುವುದಿಲ್ಲ, ಆ ಬ್ಯಾಕಪ್ಪನ್ನು ಅದೇ ಸರ್ವರಿನಲ್ಲಿ ಇಡುವುದೂ ಇಲ್ಲ.

ಸಣ್ಣಪುಟ್ಟ ಎರಡು ವಿಷಯ ಮರೆಯುವ ಮೊದಲು ಹೇಳಿಬಿಡುತ್ತೇನೆ. ಬರೆಯುವವರಿಗೆ 'ಕಾಂಟ್ರಿಬ್ಯೂಟರ್' ಅಂತ ಹುದ್ದೆ ಕೊಟ್ಟರೆ ಅವರಿಗೆ ಫೋಟೋ ಹಾಕಲು ಬರುವುದಿಲ್ಲ. ನಾನು ಒಂದು ವಾರ ಅವರ ಫೋನಿನದ್ದೇ ತೊಂದರೆ ಅಂದುಕೊಂಡಿದ್ದೆ. 'ಆಥರ್' ಕೊಡಿ, ಮೇಷ್ಟ್ರ ಥರದವರಿಗೆ 'ಎಡಿಟರ್'. ಎರಡನೆಯದು, ಹುಡುಕುವ ಖಾನೆ ನೀವು ಬರೆದ ಹಾಗೇ ಹುಡುಕುತ್ತದೆ. ನಮ್ಮ ಲೇಖಕರು ಕೆಲವರು 'ಕೊಳೆರೋಗ' ಅಂತ, ಕೆಲವರು 'ಕೊಳೆ ರೋಗ' ಅಂತ ಬರೆದಿದ್ದರು, 'ಕೊಳೆರೋಗ' ಅಂತ ಹುಡುಕಿದರೆ ಅರ್ಧ ಲೇಖನ ಸಿಗಲೇ ಇಲ್ಲ. ಎರಡಕ್ಕೂ ಒಂದೇ ಟ್ಯಾಗ್ ಹಾಕಿ, ಅದನ್ನು ಒತ್ತಿದರೆ ಎಲ್ಲ ಸಿಗುವಂತೆ ಮಾಡಿದೆವು.

ಡಿಸೆಂಬರ್ ಮಧ್ಯದಲ್ಲಿ ಸೈಟ್ ತೆರೆದೆವು. ಕಾರ್ಯಕ್ರಮ ಅಂತ ಏನೂ ಇರಲಿಲ್ಲ. ಕೊಯ್ಲಿನ ಕಾಲ, ಊರಿನಲ್ಲಿ ಯಾರಿಗೂ ಪುರುಸೊತ್ತಿಲ್ಲ, ಮನೆಮನೆಯಲ್ಲಿ ರಾತ್ರಿ ಅಡಿಕೆ ಸುಲಿಯುವುದು. ಒಟ್ಟು ಖರ್ಚು 11,341 ರೂಪಾಯಿ, ಬಸ್ ಚಾರ್ಜ್ ಬಿಟ್ಟು. ನನ್ನ ಕೂಲಿ ಹಿಡಿದಿಲ್ಲ, ಹಿಡಿದರೆ ಮೇಷ್ಟ್ರ ಎದುರು ತಲೆ ಎತ್ತುವುದು ಹೇಗೆ. 62 ಸಂಚಿಕೆ ಬಾಕಿ ಇದೆ. ಮೊದಲ ವರ್ಷಗಳದ್ದು ಸಿಡಿಯಲ್ಲಿದೆ, ಮೂರು ಸಿಡಿಗೆ ಬೂಸ್ಟು ಹಿಡಿದು ಕಂಪ್ಯೂಟರ್ ಓದುತ್ತಿಲ್ಲ. ಅವನ್ನು ಅಚ್ಚಾದ ಪ್ರತಿ ನೋಡಿ ಮತ್ತೆ ಟೈಪ್ ಮಾಡಬೇಕು.

ತೆರೆದ ಎಂಟನೇ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಸೈಟ್ ನೋಡಿದೆ. ಹೊಸ ಲೇಖನ ಒಂದು ಬಂದಿತ್ತು. ಮೇಷ್ಟ್ರು ಬೆಳಿಗ್ಗೆ 5.40ಕ್ಕೆ ಹಾಕಿದ್ದು, ನನ್ನನ್ನು ಕೇಳದೆ. ಹಿಂದಿನ ರಾತ್ರಿ ಅಡಿಕೆ ಸುಲಿಯುತ್ತಾ ಮುದುಕಿಯೊಬ್ಬಳು ಹೇಳಿದ ಮುಳುಗಡೆ ಊರಿನ ಕಥೆ. ಸ್ಲಗ್ ಇಂಗ್ಲಿಷ್ ಅಕ್ಷರದಲ್ಲಿ ಸರಿಯಾಗಿತ್ತು. ಫೋಟೋ ಮಾತ್ರ ಅಡ್ಡ ಮಲಗಿತ್ತು. ತಿರುಗಿಸೋಣ ಅಂತ ಲಾಗಿನ್ ಆಗುವಷ್ಟರಲ್ಲಿ ಅದು ನೆಟ್ಟಗಾಯಿತು. ಅಕ್ಕ ಗ್ರಂಥಾಲಯದಲ್ಲಿ ಕೂತು ಆಗಲೇ ಸರಿ ಮಾಡಿದ್ದರು.